ರೊಟ್ಟಿ ಬುಟ್ಟಿಯ ಸುಳ್ಳು: ಹೇಳಬಹುದಾ, ಹೇಳಬಾರದಾ?

ಕೊಪ್ಪಳದ ಸೊಸೆ

ಎಲ್ಲರಿಗೂ ನಮಸ್ಕಾರ. ಸಾಮಾನ್ಯವಾಗಿ ನಾನು ಅಡುಗೆ ಚರ್ಚೆಯಲ್ಲಿ ಮಾತ್ರ ಬರೆಯುತ್ತೇನೆ. ಇವತ್ತು ಬೇರೆ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಅತ್ತೆಗೆ 78 ವರ್ಷ. ಮೂರು ವರ್ಷದಿಂದ ಮರೆವಿನ ಕಾಯಿಲೆ. ಮೈದುನ ಲಾರಿ ಡ್ರೈವರ್ ಆಗಿದ್ದ, ಎರಡು ವರ್ಷದ ಹಿಂದೆ ಹೊಸಪೇಟೆ ರಸ್ತೆಯಲ್ಲಿ ಅಪಘಾತವಾಗಿ ತೀರಿಕೊಂಡ. ಅತ್ತೆ ಮಣ್ಣಿಗೂ ಬಂದಿದ್ದರು. ಈಗ ಒಂದೂ ನೆನಪಿಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ "ಸಣ್ಣಾವ ಬಂದನೇನವಾ?" ಅಂತ ಕೇಳುತ್ತಾರೆ.

ಮೊದಮೊದಲು ನಮ್ಮನೆಯವರು ನಿಜ ಹೇಳಿದರು. "ಯವ್ವಾ, ಅವ ಹೋಗಿ ಎರಡು ವರ್ಷ ಆತು." ಅವರಿಗೆ ಅದು ಪ್ರತಿಸಲ ಹೊಸ ಸುದ್ದಿ. ಎದೆ ಬಡಿದುಕೊಂಡು ಅಳುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ಯಾಕೆ ಅಳುತ್ತಿದ್ದೆ ಅನ್ನುವುದೂ ಮರೆತುಹೋಗುತ್ತಿತ್ತು, ಸೆರಗು ಮಾತ್ರ ಒದ್ದೆ. ನಾಲ್ಕನೇ ದಿನ ನಾನೇ ಬಾಯಿ ಹಾಕಿ "ಗಾಡಿ ಮ್ಯಾಲ ಹೋಗ್ಯಾನ್ರೀ ಅತ್ತಿ, ಮುಂಜಾನೆ ಬರ್ತಾನ" ಅಂದೆ. "ಹೌದಾ" ಅಂದು ಊಟ ಮಾಡಿ ಮಲಗಿದರು.

ಅಲ್ಲಿಗೆ ಮುಗಿಯಲಿಲ್ಲ. ಮಗ ರಾತ್ರಿ ಹಸಿದು ಬರ್ತಾನೆ ಅಂತ ಒಂದು ಜೋಳದ ರೊಟ್ಟಿ, ಅದರ ಮೇಲೆ ಚೂರು ಶೇಂಗಾ ಹಿಂಡಿ ಇಟ್ಟು, ಬಟ್ಟೆ ಮುಚ್ಚಿ ಬುಟ್ಟಿಯಲ್ಲಿ ಎತ್ತಿಡಲು ಶುರು ಮಾಡಿದರು. ಬೆಳಿಗ್ಗೆ ರೊಟ್ಟಿ ಹಾಗೇ ಇದ್ದರೆ "ಉಂಡಿಲ್ಲಲ್ಲ ನನ್ನ ಮಗ" ಅಂತ ಮತ್ತೆ ಗೋಳು. ಹಾಗಾಗಿ ನಾನು ನಸುಕಿನಲ್ಲೇ ಎದ್ದು ಆ ರೊಟ್ಟಿ ಆಕಳಿಗೆ ಹಾಕುತ್ತೇನೆ. ಒಂದು ತಾಟಿಗೆ ಹಿಂಡಿ ಸವರಿ ಬಚ್ಚಲ ಹತ್ತಿರ ಇಡುತ್ತೇನೆ, ಉಂಡ ತಾಟಿನ ಹಾಗೆ ಕಾಣಲಿ ಅಂತ. ಬಾಯಲ್ಲಿದ್ದ ಸುಳ್ಳಿಗೆ ಈಗ ಕೈಕಾಲು ಬಂದಿವೆ.

ಮೊನ್ನೆ ನನ್ನ ಏಳು ವರ್ಷದ ಮಗ ಇದನ್ನು ನೋಡಿಬಿಟ್ಟ. "ಅವ್ವಾ, ರಾತ್ರಿ ಕಾಕಾ ಬಂದಿದ್ನೇನು?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಯಾರದೋ ಪೆನ್ಸಿಲ್ ತಂದು "ನಂದೇ" ಅಂದಿದ್ದಕ್ಕೆ ಹೋದ ವಾರ ಇವನಿಗೇ ಬೈದಿದ್ದೆ. ನೀವಾದರೆ ಏನು ಮಾಡುತ್ತಿದ್ದಿರಿ?

ಒಗ್ಗರಣೆ ಮಿರ್ಚಿ

ಅಕ್ಕಾ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದವರು ನಮ್ಮ ಹಿರಿಯರು. ನೀವು ಹೇಳಿದ್ದು ಒಂದೇ ಸುಳ್ಳು.

ನೇರ ಮಾತು, ರಾಯಚೂರು

ಆ ಗಾದೆಯನ್ನು ಎಲ್ಲರೂ ಅನುಕೂಲಕ್ಕೆ ಬಳಸುತ್ತಾರೆ. ಹುಡುಗ ಕುಡಿಯುತ್ತಾನೆ ಅನ್ನುವುದನ್ನು ಮುಚ್ಚಿಟ್ಟು ಮದುವೆ ಮಾಡಿದ ಮನೆಗೆ ಹೋಗಿ, ಆ ಹುಡುಗಿಯ ಮುಂದೆ ಈ ಗಾದೆ ಹೇಳಿ ನೋಡಿ.

ಸೊಸೆಯವರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಉತ್ತರ ನೀವೇ ಬರೆದಿದ್ದೀರಿ: ಸುಳ್ಳಿಗೆ ಕೈಕಾಲು ಬಂದಿವೆ. ಮೊದಲು ಮಾತು, ಆಮೇಲೆ ರೊಟ್ಟಿ, ಆಮೇಲೆ ತಾಟು, ಈಗ ಮಗು. ಒಂದು ಸುಳ್ಳನ್ನು ಸಾಕಬೇಕಾದರೆ ಅದಕ್ಕೆ ಮೇವು ಹಾಕುತ್ತಲೇ ಇರಬೇಕು. ಹರಿಶ್ಚಂದ್ರನ ಕಾವ್ಯ ಬರೆದ ರಾಘವಾಂಕ ನಮ್ಮ ಪಕ್ಕದ ಹಂಪಿಯವನು. ಹರನೆಂಬುದೇ ಸತ್ಯ, ಸತ್ಯವೆಂಬುದೇ ಹರ ಅಂದವನು. ದೇವರಲ್ಲಿ ಅರ್ಧ ದೇವರು ಅಂತ ಇಲ್ಲ, ಅಲ್ವಾ?

ಗಂಗಾವತಿ ಗೃಹಿಣಿ

ಹರಿಶ್ಚಂದ್ರನ ವಿಷಯ ಬಂದಾಗಲೆಲ್ಲ ನನಗೆ ಒಂದೇ ಸಿಟ್ಟು. ಮಾತು ಉಳಿಸಿಕೊಂಡವನು ಅವನು. ಪರರ ಮನೆಯಲ್ಲಿ ಕಸ ಮುಸುರೆ ತಿಕ್ಕಿದ್ದು ಚಂದ್ರಮತಿ. ಹಾವು ಕಚ್ಚಿದ್ದು ಲೋಹಿತಾಶ್ವನಿಗೆ. ಕೊನೆಗೆ ದೇವರು ಬಂದು ಎಲ್ಲ ಸರಿ ಮಾಡಿದ, ಸರಿ. ನಮ್ಮ ಮನೆಗಳಿಗೆ ಕೊನೆಯ ಅಂಕದಲ್ಲಿ ಯಾರೂ ಬರುವುದಿಲ್ಲ.

ಸಿರುಗುಪ್ಪ ಮಾಸ್ತರ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ನಿವೃತ್ತ ಮೇಷ್ಟ್ರಿಗೆ ಇನ್ನೇನು ಕೆಲಸ.

ನಮ್ಮ ತಾಲೂಕಿನ ನಿಟ್ಟೂರು, ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ. ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಅವುಗಳಲ್ಲಿ ಒಂದರ ಉಪದೇಶ ಬಹಳ ಸರಳ: ತಂದೆತಾಯಿಯ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು. ಮೂರನ್ನೂ ಒಂದರ ಪಕ್ಕ ಒಂದು ಕೆತ್ತಿಸಿದ್ದಾನೆ. ಒಮ್ಮೆ ಏಳನೇ ಕ್ಲಾಸಿನ ಹುಡುಗಿ ಕೇಳಿದಳು, "ಸರ್, ಮೂರೂ ಜಗಳ ಆಡಿದ್ರ ಯಾವುದು ಗೆಲ್ಲತೈತ್ರೀ?" ನಾನು ಬಿಸಿಲು ಜಾಸ್ತಿಯಾಯಿತು, ನಡೀರಿ ಅಂದೆ. ಈ ಸೊಸೆಯ ಮನೆಯಲ್ಲಿ ಈಗ ಆ ಜಗಳವೇ ನಡೆದಿದೆ.

ಮಹಾಭಾರತಕ್ಕೆ ಆ ಹುಡುಗಿಯ ಪ್ರಶ್ನೆ ಗೊತ್ತಿತ್ತು. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕ ಅನ್ನುವ ತಪಸ್ವಿಯ ಕಥೆ ಹೇಳುತ್ತಾನೆ. ಅವನು ಸತ್ಯ ಬಿಟ್ಟು ಬೇರೆ ನುಡಿಯುವುದಿಲ್ಲ ಅಂತ ವ್ರತ ಹಿಡಿದವನು. ಕಳ್ಳರಿಗೆ ಹೆದರಿ ಕೆಲವರು ಓಡಿಬಂದು ಹತ್ತಿರದ ಕಾಡಿನಲ್ಲಿ ಅಡಗಿದರು. ಹಿಂದೆಯೇ ಬಂದ ಕಳ್ಳರು ಎಲ್ಲಿ ಹೋದರು ಅಂತ ಇವನನ್ನೇ ಕೇಳಿದರು. ಇವನು ತೋರಿಸಿದ. ಅವರೆಲ್ಲ ಸತ್ತರು. ಕೌಶಿಕ ನರಕಕ್ಕೆ ಹೋದ. ಸ್ವರ್ಗಕ್ಕಲ್ಲ, ಗಮನಿಸಿ.

ಈ ಕಥೆ ಬರುವ ಸಂದರ್ಭ ಇನ್ನೂ ಚೆನ್ನಾಗಿದೆ. ಗಾಂಡೀವವನ್ನು ಬೇರೆಯವರಿಗೆ ಕೊಡು ಅಂದವನನ್ನು ಕೊಲ್ಲುತ್ತೇನೆ ಅಂತ ಅರ್ಜುನನ ಪ್ರತಿಜ್ಞೆ. ಆ ಮಾತನ್ನು ಅಣ್ಣನೇ ಅಂದುಬಿಟ್ಟ. ಅರ್ಜುನ ಕತ್ತಿ ಹಿರಿದ. ಆಗ ಕೃಷ್ಣ ಅಂದ, ಹಿರಿಯರನ್ನು ಏಕವಚನದಲ್ಲಿ ಕರೆದರೆ ಅವರನ್ನು ಕೊಂದ ಹಾಗೆಯೇ, ಅಷ್ಟು ಮಾಡು ಸಾಕು. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಗ್ಗರಣೆ ಮಿರ್ಚಿ

ಸರ್, ಹಾಗಿದ್ದರೆ ಧರ್ಮರಾಯನ ಉಪಾಯ ಮಾಡಬಹುದಲ್ಲ? "ಅವ ಬಹಳ ದೂರ ಹೋಗ್ಯಾನ್ರೀ" ಅಂತ ಅತ್ತೆಗೆ ಹೇಳುವುದು. ಸುಳ್ಳೂ ಅಲ್ಲ, ಅಳುವೂ ಇಲ್ಲ.

ಸಿರುಗುಪ್ಪ ಮಾಸ್ತರ

ತಮ್ಮಾ, ಅಶ್ವತ್ಥಾಮ ಸತ್ತ ಅಂತ ಜೋರಾಗಿ ಹೇಳಿ, ಆನೆ ಅನ್ನುವುದನ್ನು ಮೆಲ್ಲಗೆ ಹೇಳಿದ್ದಕ್ಕೆ ಧರ್ಮರಾಯನಿಗೆ ರಿಯಾಯಿತಿ ಸಿಗಲಿಲ್ಲ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ರಥ ಆ ಕ್ಷಣ ಕೆಳಗೆ ಇಳಿಯಿತು. ಕೇಳುವವನು ಏನು ನಂಬಲಿ ಅಂತ ಹೇಳಿದೆಯೋ ಅದೇ ಲೆಕ್ಕ. ಅಕ್ಷರ ಎಣಿಸಿ ತಪ್ಪಿಸಿಕೊಳ್ಳಲು ಆಗಲ್ಲ. ನನಗೇನೋ ನೇರ ಸುಳ್ಳೇ ಇದಕ್ಕಿಂತ ಮರ್ಯಾದೆಯದು ಅನ್ನಿಸುತ್ತದೆ. ಹೇಳಿದವಳಿಗೆ ತಾನು ಸುಳ್ಳು ಹೇಳಿದೆ ಅಂತ ಗೊತ್ತಾದರೂ ಇರುತ್ತದೆ.

ನೇರ ಮಾತು, ರಾಯಚೂರು

ಮಾಸ್ತರ್ರೇ, ಕೌಶಿಕನ ಎದುರು ನಾನು ಕಾಂಟ್‌ನನ್ನು ನಿಲ್ಲಿಸುತ್ತೇನೆ. ಇದೇ ಪ್ರಶ್ನೆಗೆ ಆ ಜರ್ಮನ್ ತತ್ವಜ್ಞಾನಿ 1797ರಲ್ಲಿ, ಫ್ರಾನ್ಸಿನ ಬೆಂಜಮಿನ್ ಕಾನ್‌ಸ್ಟಂಟ್‌ಗೆ ಉತ್ತರವಾಗಿ, ಒಂದು ಲೇಖನ ಬರೆದ. ನಿಮ್ಮ ಗೆಳೆಯ ಮನೆಯೊಳಗೆ ಅಡಗಿದ್ದಾನೆ, ಕೊಲೆಗಾರ ಬಾಗಿಲಿಗೆ ಬಂದು ಒಳಗಿದ್ದಾನಾ ಅಂತ ಕೇಳುತ್ತಾನೆ. ಆಗಲೂ ಸುಳ್ಳು ಹೇಳಬಾರದು ಅಂದ ಕಾಂಟ್. ಅವನ ವಾದ ಹೀಗೆ: ನೀವು "ಇಲ್ಲ" ಅಂದಿರಿ. ಅಷ್ಟರಲ್ಲಿ ಗೆಳೆಯ ನಿಮಗೆ ಗೊತ್ತಿಲ್ಲದಂತೆ ಹೊರಗೆ ಹೋಗಿದ್ದ. ವಾಪಸು ಹೋಗುವ ಕೊಲೆಗಾರನಿಗೆ ಬೀದಿಯಲ್ಲೇ ಸಿಕ್ಕಿಬಿಟ್ಟ. ಆಗ ಆ ಸಾವಿನಲ್ಲಿ ನಿಮ್ಮ ಪಾಲೂ ಇದೆ. ಸುಳ್ಳಿನ ಮುಂದಿನ ದಾರಿ ನಿಮ್ಮ ಕೈಯಲ್ಲಿ ಇರುವುದಿಲ್ಲ ಅನ್ನುವುದು ಅವನ ಮಾತು. ನನಗೆ ಇದು ಸರಿ ಅನ್ನಿಸುತ್ತದೆ, ಕೇಳಲು ಕಠೋರವಾದರೂ.

ಯಲಬುರ್ಗಾ ಮೊಮ್ಮಗ

ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಬಾಗಿಲಿಗೆ ಬಂದವರ ಕಥೆ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಅದು ಪುಸ್ತಕದ ಉದಾಹರಣೆ ಅಲ್ಲ.

1948ರ ಸೆಪ್ಟೆಂಬರ್ 17ರವರೆಗೆ ನಮ್ಮದು ನಿಜಾಮನ ಸೀಮೆ. ಗಡಿಯಾಚೆ ಮುಂಡರಗಿಯಲ್ಲಿ ಹೋರಾಟಗಾರರ ಶಿಬಿರ. ಅಲ್ಲಿಂದ ಹುಡುಗರು ರಾತ್ರಿ ಬಂದು ಹೋಗುತ್ತಿದ್ದರು. ಒಂದು ದಿನ ಅಂಥ ಒಬ್ಬ ನಮ್ಮ ಹಿತ್ತಲಿನ ಕಣಕಿ ಬಣವೆಯಲ್ಲಿ ಅಡಗಿದ್ದ. ಬೆಳಕು ಹರಿಯುವಾಗ ಅವನನ್ನು ಹುಡುಕಿಕೊಂಡು ನಿಜಾಮನ ಕಡೆಯ ರಜಾಕಾರರು ಬಂದರು. ಅಜ್ಜಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡದೆ, "ನಿನ್ನೆನ ಗದಗಿಗೆ ಹೋದ" ಅಂದಳು. ನಂಬಲಿಲ್ಲ. ಪಕ್ಕದಲ್ಲಿ ಆಡುತ್ತಿದ್ದ ಎರಡು ವರ್ಷದ ಮಗನನ್ನು ತೋರಿಸಿ, ಇವನ ತಲೆ ಮೇಲೆ ಕೈಯಿಟ್ಟು ಹೇಳು ಅಂದರು. ಅಜ್ಜಿ ಇಟ್ಟಳು. ಹೇಳಿದಳು. ಅವರು ಹೋದರು.

ಆ ಮಗು ನನ್ನ ಅಪ್ಪ.

ಇಲ್ಲಿಯವರೆಗಿನದು ಊರಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ಆವತ್ತಿನಿಂದ ಸಾಯುವವರೆಗೆ ಅಜ್ಜಿ ಸೋಮವಾರ ಊಟ ಮಾಡಲಿಲ್ಲ. ಅಪ್ಪನಿಗೆ ಸಣ್ಣ ಜ್ವರ ಬಂದರೂ ಗುಡಿಗೆ ಓಡುತ್ತಿದ್ದಳು. "ನೀನು ಒಂದು ಜೀವ ಉಳಿಸಿದೀ, ಪುಣ್ಯದ ಕೆಲಸ" ಅಂತ ನಾನೇ ಅಂದಿದ್ದೆ. ಅದಕ್ಕೆ ಅವಳು, "ಮಾಡಬೇಕಾಗಿತ್ತು, ಮಾಡಿದೆ. ಹಂಗಂತ ಸಾಲ ಇಲ್ಲ ಅನ್ನಾಕ ಆಗತೈತೇನು?" ಅಂದಳು. ಕಾಂಟ್ ಅವರ ಲೇಖನ ನಾನು ಓದಿಲ್ಲ. ಅಜ್ಜಿಯಂತೂ ಓದಿರಲಿಲ್ಲ. ಆದರೆ ಅದೇ ಹೊತ್ತು ಮತ್ತೆ ಬಂದಿದ್ದರೆ ಅವಳು ಮತ್ತೆ ಸುಳ್ಳೇ ಹೇಳುತ್ತಿದ್ದಳು, ಸೋಮವಾರದ ಜೊತೆ ಮಂಗಳವಾರವನ್ನೂ ಬಿಡುತ್ತಿದ್ದಳು.

ನೇರ ಮಾತು, ರಾಯಚೂರು

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಅಜ್ಜಿಗೆ ಶರಣು.

ಒಂದು ಮಾತು ಮಾತ್ರ. ನಿಮ್ಮ ಅಜ್ಜಿ ಅದನ್ನು ಸಾಲ ಅಂದರು. ನಾವು ಸುಳ್ಳು ಹೇಳಿ, "ಒಳ್ಳೆಯದಕ್ಕೇ ಹೇಳಿದ್ದು" ಅಂತ ಕೈ ತೊಳೆದುಕೊಳ್ಳುತ್ತೇವೆ. ನನ್ನ ಜಗಳ ಇರುವುದು ಆ ಕೈ ತೊಳೆಯುವುದರ ಜೊತೆ.

ಹತ್ತಿ ದಲಾಲಿ

ಎಲ್ಲರೂ ಇಷ್ಟು ಗಂಭೀರ ಆದರೆ ಹೇಗೆ. ನಾನು ರಾಯಚೂರು ಮಾರ್ಕೆಟ್ಟಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ರೈತ "ಇದಕ್ಕಿಂತ ಕಡಿಮೆಗೆ ಕೊಟ್ರ ನಾ ಮನಿಗೆ ಹೋಗಂಗಿಲ್ರೀ" ಅನ್ನುತ್ತಾನೆ. ಖರೀದಿದಾರ "ಈ ದರಕ್ಕ ನನಗ ಏನೂ ಗಿಟ್ಟಂಗಿಲ್ಲ" ಅನ್ನುತ್ತಾನೆ. ಎರಡೂ ಸುಳ್ಳು. ಇಬ್ಬರಿಗೂ ಗೊತ್ತು. ಮಧ್ಯೆ ನಿಂತ ನನಗೂ ಗೊತ್ತು. ಇದಕ್ಕೆ ಯಾರೂ ನರಕಕ್ಕೆ ಹೋಗಲ್ಲ. ಆದರೆ ಹತ್ತಿಗೆ ನೀರು ಹೊಡೆದು ತಂದು ಒಣಗಿದೆ ಅಂದವನನ್ನು, ಕಾಟಾದಲ್ಲಿ ಕೈ ಆಡಿಸಿದವನನ್ನು ಯಾರೂ ಮತ್ತೆ ಹತ್ತಿರ ಸೇರಿಸಲ್ಲ. ಮಾರ್ಕೆಟ್ಟಿಗೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಿದೆ. ಕಾಂಟ್ ಸಾಹೇಬರು ಒಂದು ಸೀಸನ್ ಇಲ್ಲಿ ಬಂದು ಕೂತಿದ್ದರೆ ಚೆನ್ನಾಗಿತ್ತು.

ಕರಿಕೋಟು

ದಲಾಲಿ ಅಣ್ಣ ಹೇಳಿದ್ದು ಕೋರ್ಟಿಗೂ ಗೊತ್ತಿದೆ. ಸಾಕ್ಷಿ ಪ್ರಮಾಣ ಮಾಡಿ ಸುಳ್ಳು ಹೇಳಿದರೆ 7 ವರ್ಷದವರೆಗೆ ಜೈಲು. ಮೊದಲು ಐಪಿಸಿ ಸೆಕ್ಷನ್ 193 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 229. ಆದರೆ ಅದೇ ಕೋಣೆಯಲ್ಲಿ ಆರೋಪಿಯೂ ನಿಂತಿರುತ್ತಾನೆ. ಸಾಕ್ಷಿಗಳೆಲ್ಲ ಮುಗಿದ ಮೇಲೆ ಜಡ್ಜ್ ಅವನನ್ನು ಪ್ರಶ್ನೆ ಕೇಳುತ್ತಾರೆ. ಅದನ್ನು ನಾವು ಹಳೆಯ ಸಿಆರ್‌ಪಿಸಿಯ ಸೆಕ್ಷನ್ ನಂಬರಿನಿಂದ ಇನ್ನೂ 313 ಅಂತಲೇ ಕರೆಯುತ್ತೇವೆ, ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 351. ಅಲ್ಲಿ ಅವನಿಂದ ಪ್ರಮಾಣ ಮಾಡಿಸುವುದಿಲ್ಲ. ಉತ್ತರ ಕೊಡದಿದ್ದರೂ, ಸುಳ್ಳು ಉತ್ತರ ಕೊಟ್ಟರೂ, ಅದಕ್ಕಾಗಿ ಶಿಕ್ಷೆ ಇಲ್ಲ ಅಂತ ಕಾನೂನಿನಲ್ಲೇ ಬರೆದಿದೆ. ಅವನ ಮಾತನ್ನು ಕೇಸಿನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಅದು ಬೇರೆ.

ಸುಳ್ಳು ಒಳ್ಳೆಯದು ಅಂತ ಕಾನೂನು ಹೇಳುತ್ತಿಲ್ಲ. ಕುತ್ತಿಗೆಗೆ ಹಗ್ಗ ಬಿದ್ದವನಿಂದ ಹರಿಶ್ಚಂದ್ರನನ್ನು ನಿರೀಕ್ಷಿಸುವುದಿಲ್ಲ, ಅಷ್ಟೇ. ಅದಕ್ಕೇ ಸಾಕ್ಷಿಗೆ ಒಂದು ಅಳತೆ, ಆರೋಪಿಗೆ ಇನ್ನೊಂದು.

ಬಳ್ಳಾರಿ ಬಿಸಿಲು

ನಾನು ಬೇರೆ ಕಡೆಯಿಂದ ಬರುತ್ತೇನೆ. ಸುಳ್ಳು ಹೇಳಿದವರ ಕಷ್ಟ ಇಲ್ಲಿ ಬಹಳ ಬಂತು. ಕೇಳಿಸಿಕೊಂಡವರದ್ದು ಯಾರೂ ಬರೆಯಲಿಲ್ಲ.

ನನ್ನ ಸೆಕೆಂಡ್ ಪಿಯುಸಿ ಪರೀಕ್ಷೆ. ಅಪ್ಪನಿಗೆ ಅಲ್ಸರ್ ಅಂತ ಹೇಳಿದರು. ಬಳ್ಳಾರಿಯಲ್ಲೇ ಆಸ್ಪತ್ರೆಯಲ್ಲಿದ್ದರು, ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. "ಓದಿಕೋ, ಪರೀಕ್ಷೆ ಮುಗಿದ ಮೇಲೆ ಬಾ" ಅಂದರು. ಅವ್ವ, ಮಾವ, ಅಕ್ಕ, ಮನೆ ತುಂಬ ಜನ, ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಕೆಮಿಸ್ಟ್ರಿ ಪೇಪರ್ ಬರೆದು ಹೊರಗೆ ಬಂದರೆ ಗೇಟಿನ ಹತ್ತಿರ ಮಾವ ಬೈಕ್ ಹಿಡಿದು ನಿಂತಿದ್ದರು. ಅವರು ಯಾವತ್ತೂ ನನ್ನನ್ನು ಕರೆಯಲು ಬಂದವರಲ್ಲ.

ಹದಿನಾಲ್ಕು ದಿನ ಇತ್ತು ನನ್ನ ಹತ್ತಿರ. ದಿನಾ ಹೋಗಿ ಹತ್ತು ನಿಮಿಷ ಕೂತಿರುತ್ತಿದ್ದೆ. ಫೇಲ್ ಆಗಿದ್ದರೆ ಜುಲೈನಲ್ಲಿ ಮತ್ತೆ ಕಟ್ಟುತ್ತಿದ್ದೆ. ಎಲ್ಲರೂ ನನ್ನ ಒಳ್ಳೆಯದಕ್ಕೇ ಮಾಡಿದರು, ಅದರಲ್ಲಿ ಅನುಮಾನವಿಲ್ಲ. 84 ಪರ್ಸೆಂಟ್ ಬಂತು. ಆ ಮಾರ್ಕ್ಸ್ ಕಾರ್ಡ್ ನೋಡಲು ನನಗೆ ಈಗಲೂ ಆಗಲ್ಲ. ಅವ್ವನ ಜೊತೆ ಚೆನ್ನಾಗಿಯೇ ಇದ್ದೇನೆ. ಆದರೆ ಅವಳು ಫೋನಿನಲ್ಲಿ "ಆರಾಮ ಅದೀನಿ" ಅಂದರೆ ನಂಬಲ್ಲ, ಪಕ್ಕದ ಮನೆಯವರಿಗೆ ಒಂದು ಫೋನ್ ಮಾಡಿ ಕೇಳುತ್ತೇನೆ.

ಕೊಪ್ಪಳದ ಅಕ್ಕ, ನಿಮ್ಮ ಅತ್ತೆಯ ವಿಷಯದಲ್ಲಿ ನನಗೆ ಏನೂ ತಕರಾರಿಲ್ಲ. ಒಂದೇ ಪ್ರಶ್ನೆ. ಮಗನಿಗೆ ಕಾಕಾನ ಬಗ್ಗೆ ಏನು ಹೇಳಿದ್ದೀರಿ? ಅವನು "ಕಾಕಾ ಬಂದಿದ್ನಾ" ಅಂತ ಕೇಳುತ್ತಾನೆ ಅಂದರೆ, ಅವನಿಗೆ ಗೊತ್ತಿಲ್ಲ ಅಂತ ಅಲ್ವಾ?

ವಾರ್ಡಿನ ಅಕ್ಕ

ತಂಗಿ, ನಿಮ್ಮದನ್ನು ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ಹೇಳಬೇಡಿ ಅನ್ನುವ ನೆಂಟರನ್ನು ನಾನು ದಿನಾ ನೋಡುತ್ತೇನೆ. ಡಾಕ್ಟರ್ ರೌಂಡ್ಸ್ ಮುಗಿಸಿ ಹೊರಗೆ ಬರುತ್ತಿದ್ದ ಹಾಗೆ ಅಡ್ಡಗಟ್ಟಿ, "ಅವ್ರ ಮುಂದ ಹೇಳಬ್ಯಾಡ್ರೀ ಸಾಹೇಬ್ರ" ಅನ್ನುತ್ತಾರೆ. ರಾತ್ರಿ ನಾನು ಸಲೈನ್ ಬದಲಾಯಿಸುವಾಗ ಅದೇ ಪೇಷಂಟ್ ಕೈ ಹಿಡಿದು, "ನನಗ ಗೊತ್ತೈತವಾ, ಮಕ್ಕಳಿಗೆ ತಿಳಿಸಬ್ಯಾಡ, ಹೆದರ್ತಾವ" ಅನ್ನುತ್ತಾರೆ. ಎರಡೂ ಕಡೆ ಬೀಗ, ಕೀಲಿ ನನ್ನ ಜೇಬಿನಲ್ಲಿ.

ಡಾಕ್ಟರುಗಳಿಗೆ 2002ರ ವೃತ್ತಿ ನಡವಳಿಕೆಯ ನಿಯಮ ಇದೆ. ಕಾಯಿಲೆಯ ತೀವ್ರತೆಯನ್ನು ಹೆಚ್ಚಿಸಿಯೂ ಹೇಳಬಾರದು, ಇಳಿಸಿಯೂ ಹೇಳಬಾರದು ಅಂತ. ಆದರೆ ಯಾರಿಗೆ ತಿಳಿಸಬೇಕು ಅನ್ನುವಲ್ಲಿ ರೋಗಿಗೆ, ಸಂಬಂಧಿಕರಿಗೆ "ಅಥವಾ" ಜವಾಬ್ದಾರಿಯುತ ಸ್ನೇಹಿತರಿಗೆ ಅಂತ ಇದೆ. ಆ ಒಂದು "ಅಥವಾ" ಮೇಲೆ ನಮ್ಮ ಕಾರಿಡಾರ್ ನಡೆಯುತ್ತಿದೆ.

ಸೊಸೆಯವರೇ, ಮರೆವಿನ ಕಾಯಿಲೆಯವರಿಗೆ ದಿನಾ ಸಾವಿನ ಸುದ್ದಿ ಹೇಳಬೇಡಿ. ಅವರ ತಲೆಯಲ್ಲಿ ಅದು ಉಳಿಯುವುದಿಲ್ಲ, ನೋವು ಮಾತ್ರ ದಿನಾ ಹೊಸದಾಗಿ ಆಗುತ್ತದೆ. ಮುಂಜಾನೆ ಬರ್ತಾನೆ ಅಂತಲೂ ಹೇಳಲು ಮನಸ್ಸು ಒಪ್ಪದಿದ್ದರೆ ಇನ್ನೊಂದು ದಾರಿ ಇದೆ. ಬಂದನಾ ಅಂತ ಕೇಳಿದಾಗ ಮಗನ ಬಗ್ಗೆ ನೀವೇ ಕೇಳಿ. "ಸಣ್ಣಾವಗ ಏನು ಅಡಿಗಿ ಇಷ್ಟ ಇತ್ರೀ ಅತ್ತಿ?" ಅನ್ನಿ. ಬಹಳ ಸಲ ಅವರಿಗೆ ಬೇಕಾಗಿರುವುದು ಸುದ್ದಿ ಅಲ್ಲ, ಅವನ ಮಾತು. ದಿನಾ ನಡೆಯುತ್ತದೆ ಅಂತ ಭರವಸೆ ಕೊಡಲ್ಲ. ಕೆಲವು ಸಂಜೆ ನಡೆಯುತ್ತದೆ.

ನೇರ ಮಾತು, ರಾಯಚೂರು

ಇದು ನನಗೆ ಹೊಳೆದಿರಲಿಲ್ಲ. ನಾನು ಹೇಳು, ಹೇಳಬೇಡ ಅಂತ ಎರಡೇ ಬಾಗಿಲು ಹಿಡಿದು ನಿಂತಿದ್ದೆ.

ಬಳ್ಳಾರಿಯವರೇ, ನಿಮ್ಮ ಬರಹವನ್ನು ನಮ್ಮನೆಯಲ್ಲಿ ಓದಿ ಹೇಳಿದೆ. ನನ್ನ ತಮ್ಮನ ವಿಷಯದಲ್ಲಿ ನಾವೂ ಹೀಗೇ ಮಾಡಿದ್ದೆವು. ಜಾಸ್ತಿ ಬರೆಯಲ್ಲ.

ಹತ್ತಿ ದಲಾಲಿ

ನಾನು ಮೇಲೆ ತಮಾಷೆ ಮಾಡಿದ್ದು ಯಾಕೋ ಸರಿ ಅನ್ನಿಸುತ್ತಿಲ್ಲ. ಆದರೂ ಅಳಿಸಲ್ಲ, ಇರಲಿ.

ಕೊಪ್ಪಳದ ಸೊಸೆ

ಮೂರು ದಿನ ಬರೆಯಲು ಆಗಲಿಲ್ಲ. ಎಲ್ಲರದ್ದೂ ಓದಿದೆ, ಯಲಬುರ್ಗಾ ಅಜ್ಜಿಯದ್ದನ್ನು ಎರಡು ಸಲ.

ಬಳ್ಳಾರಿ ತಂಗಿ, ಸರಿಯಾಗಿ ಹಿಡಿದಿರಿ. ಮೈದುನ ಹೋದಾಗ ಮಗನಿಗೆ ಐದು ವರ್ಷ. ತವರು ಮನೆಯಲ್ಲಿ ಬಿಟ್ಟಿದ್ದೆವು. ಆಮೇಲೆ ಕೇಳಿದಾಗ "ದೂರದ ಗಾಡಿಗೆ ಹೋಗ್ಯಾನ" ಅಂದೆವು. ಅತ್ತೆಗೆ ಹೇಳಿದ್ದೂ ಅದೇ, ಮಗನಿಗೆ ಹೇಳಿದ್ದೂ ಅದೇ. ಒಂದೇ ಸುಳ್ಳು ಅಂತ ತಿಳಿದಿದ್ದೆ. ಒಂದೇ ಅಲ್ಲ. ಅತ್ತೆಯ ಕೈಯಲ್ಲಿ ನಿಜ ನಿಲ್ಲುವುದಿಲ್ಲ. ಇವನ ಕೈಯಲ್ಲಿ ನಿಲ್ಲುತ್ತಿತ್ತು, ನಮಗೇ ಕೊಡಲು ಧೈರ್ಯ ಇರಲಿಲ್ಲ.

ನಿನ್ನೆ ಮಧ್ಯಾಹ್ನ ಹೇಳಿದೆ. ಕಾಕಾ ಸತ್ತಿದ್ದಾನೆ, ಎರಡು ವರ್ಷ ಆಯಿತು, ಅಜ್ಜಿಗೆ ಮರೆತುಹೋಗುತ್ತದೆ, ನೆನಪಿಸಿದರೆ ಅಳುತ್ತಾಳೆ, ಅದಕ್ಕೆ ನಾನು ಹಾಗೆ ಹೇಳುತ್ತೇನೆ ಅಂತ. ಸುಮ್ಮನೆ ಕೇಳಿಸಿಕೊಂಡ. "ಹಂಗಾರ ರೊಟ್ಟಿ ಯಾರು ತಿಂತಾರ?" ಅಂದ. ಆಕಳು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ನನಗ ಯಾಕ ಮೊದಲ ಹೇಳಲಿಲ್ಲ?" ಅಂದ. ತಪ್ಪಾಯಿತು ಅಂದೆ. ಹೋಗಿ ಆಕಳ ಹತ್ತಿರ ಬಹಳ ಹೊತ್ತು ನಿಂತಿದ್ದ. ಅತ್ತನೋ ಇಲ್ಲವೋ ನೋಡಲಿಲ್ಲ.

ಸಂಜೆ ವಾರ್ಡಿನ ಅಕ್ಕ ಹೇಳಿದ ಹಾಗೆ ಮಾಡೋಣ ಅಂತ ಸಿದ್ಧಳಾಗಿದ್ದೆ. ಏನು ಅಡುಗೆ ಇಷ್ಟ ಅಂತ ಕೇಳಬೇಕು ಅಂತ ರೊಟ್ಟಿ ಬಡಿಯುತ್ತಾ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅತ್ತೆ ಕಟ್ಟೆಯ ಮೇಲೆ ಕೂತು ಈ ಸಲ ನನ್ನನ್ನು ಕೇಳಲೇ ಇಲ್ಲ. ಮೊಮ್ಮಗನನ್ನು ಕರೆದು "ನಿಮ್ಮ ಕಾಕಾ ಬಂದಿದ್ನೇನೋ?" ಅಂದರು.

ಅವನು ನನ್ನ ಕಡೆ ನೋಡಲಿಲ್ಲ. "ಬಂದಿದ್ದ ಅಜ್ಜಿ. ರೊಟ್ಟಿ ಚೊಲೋ ಆಗ್ಯಾವ ಅಂದ" ಅಂದ.

ಇಷ್ಟು ದಿನದಲ್ಲಿ ನನಗೆ ಹಾಗೆ ಹೇಳಬೇಕು ಅಂತ ಒಮ್ಮೆಯೂ ಹೊಳೆದಿರಲಿಲ್ಲ. ಅತ್ತೆ ರಾತ್ರಿ ಬುಟ್ಟಿಯಲ್ಲಿ ಎರಡು ರೊಟ್ಟಿ ಇಟ್ಟು ಬಟ್ಟೆ ಮುಚ್ಚಿದರು.